ಹೊಡೆದುಹಾಕಿದ ಸಾಲು

ನ್ಯಾಯಾಧೀಶರಿಗೆ ಒಂದು ಅಭ್ಯಾಸವಿತ್ತು. ಅದನ್ನು ಅವರು ಅಭ್ಯಾಸ ಎನ್ನುತ್ತಿರಲಿಲ್ಲ, ಪದ್ಧತಿ ಎನ್ನುತ್ತಿದ್ದರು. ಆರೋಪ ಸಾಬೀತಾಗಿ, ಇನ್ನು ಎಷ್ಟು ವರ್ಷ ಎಂಬುದಷ್ಟೇ ಬಾಕಿ ಉಳಿದ ದಿನ, ಬೆಳಿಗ್ಗೆ ಎದ್ದು ಮುಖ ತೊಳೆದವರೇ ಅಂಗೈಯಗಲದ ಒಂದು ಚೀಟಿಯ ಮೇಲೆ ಅಂಕಿ ಬರೆದುಬಿಡುತ್ತಿದ್ದರು. ಕೋರ್ಟಿಗೆ ಬಂದು ಆ ಚೀಟಿಯನ್ನು ಪೀಠದ ಮೇಜಿನ ಡ್ರಾಯರಿನಲ್ಲಿಟ್ಟು, ಬೀಗ ಹಾಕಿ, ಕೀಲಿಯನ್ನು ಜೇಬಿಗೆ ಇಳಿಸುತ್ತಿದ್ದರು. ಆಮೇಲೆ ಎರಡೂ ಕಡೆಯ ವಕೀಲರ ವಾದ, ಅಪರಾಧಿಯ ಮಾತು, ಅವನ ತಾಯಿಯ ಅಳು, ಪೆಟ್ಟು ತಿಂದವನ ತಾಯಿಯ ಅಳು ಎಲ್ಲವನ್ನೂ ಕೇಳಿ, ಡ್ರಾಯರ್ ತೆಗೆದು ಬೆಳಗಿನ ಅಂಕಿಯನ್ನು ನೋಡುತ್ತಿದ್ದರು. ಕೇಳಿದ್ದರಲ್ಲಿ ತೂಕದ ವಿಷಯ ಏನಾದರೂ ಇದ್ದರೆ ಅಂಕಿ ಒಂಚೂರು ಅತ್ತಿತ್ತ ಸರಿಯುತ್ತಿತ್ತು. ಬರೀ ಸಿಟ್ಟೋ ಕನಿಕರವೋ ಆಗಿದ್ದರೆ ಜಪ್ಪಯ್ಯ ಎಂದರೂ ಸರಿಯುತ್ತಿರಲಿಲ್ಲ.

ಹೊಸದಾಗಿ ಕೆಲಸಕ್ಕೆ ಸೇರಿದ ನ್ಯಾಯಾಧೀಶರಿಗೆ ಪಾಠ ಮಾಡಲು ಇವರನ್ನು ಕರೆಯುತ್ತಿದ್ದರು. ಕಾನೂನು ಹೇಳುವ ಗರಿಷ್ಠ ಶಿಕ್ಷೆಯ ಅರ್ಧದಿಂದ ಲೆಕ್ಕ ಶುರುಮಾಡಿ, ಕೈಯಲ್ಲಿ ಆಯುಧವಿದ್ದರೆ ಕೂಡಿಸಿ, ಮೊದಲ ತಪ್ಪಾದರೆ ಕಳೆಯಿರಿ, ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಇನ್ನಷ್ಟು ಕಳೆಯಿರಿ, ಪೆಟ್ಟು ತಿಂದವನು ಮುದುಕನಾದರೆ ಮತ್ತೆ ಕೂಡಿಸಿ ಎಂದು ಹಲಗೆಯ ಮೇಲೆ ಬರೆದು ತೋರಿಸುತ್ತಿದ್ದರು. ಕೊನೆಗೆ ಸೀಮೆಸುಣ್ಣದ ಕೈ ಒರೆಸಿಕೊಳ್ಳುತ್ತ, "ನಿಮಗೆ ತಲೆನೋವು ಬಂದಿದ್ದಕ್ಕೆ ಇನ್ನೊಬ್ಬ ಒಂದು ವರ್ಷ ಹೆಚ್ಚು ಜೈಲಲ್ಲಿ ಇರಬಾರದು" ಎನ್ನುತ್ತಿದ್ದರು. ಹುಡುಗರು ತಪ್ಪದೆ ಅದನ್ನು ಬರೆದುಕೊಳ್ಳುತ್ತಿದ್ದರು. ಮನೆಯಲ್ಲಿ ಹೆಂಡತಿ ಮಾತ್ರ, "ಅಂತೂ ಚೀಟಿ ಎತ್ತಿ ಶಿಕ್ಷೆ ಕೊಡ್ತೀರಿ ಅನ್ನಿ" ಎಂದು ಕಾಲೆಳೆಯುತ್ತಿದ್ದರು. ಹಳೆಯ ಚೀಟಿಗಳನ್ನೆಲ್ಲ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡಿಟ್ಟುಕೊಂಡಿದ್ದ ಗಂಡನನ್ನು ಇನ್ನೇನು ಅನ್ನಬೇಕು?

ಮೂರು ತಿಂಗಳಿಗೊಮ್ಮೆ ಜೈಲಿಗೆ ಹೋಗಿ ಕೈದಿಗಳ ಅಹವಾಲು ಕೇಳುವುದು ಅವರ ಕೆಲಸಗಳಲ್ಲೊಂದು. ಆ ಸಲ ಜೈಲರ್ ಅವರನ್ನು ಪುಸ್ತಕ ಹೊಲಿಯುವ ಕೋಣೆಗೆ ಕರೆದುಕೊಂಡು ಹೋದ. ಉದ್ದನೆಯ ಮೇಜು, ಅಂಟಿನ ವಾಸನೆ, ರಟ್ಟಿನ ರಾಶಿ. ಕೋರ್ಟಿನ ದಪ್ಪ ದಪ್ಪ ರಿಜಿಸ್ಟರುಗಳಿಗೆ ರಟ್ಟು ಕಟ್ಟುವವರು ಇಲ್ಲಿನ ಕೈದಿಗಳೇ. ನ್ಯಾಯಾಧೀಶರು ಒಬ್ಬೊಬ್ಬನನ್ನೇ, ಊಟ ಸರಿಯಿದೆಯಾ, ಔಷಧಿ ಸಿಗುತ್ತದಾ, ಎಷ್ಟು ವರ್ಷ ಶಿಕ್ಷೆ ಎಂದು ವಿಚಾರಿಸುತ್ತ ಬಂದರು. ಮೇಜಿನ ತುದಿಯಲ್ಲಿದ್ದವನು ಬೆರಳಿನ ಅಂಟನ್ನು ಉಜ್ಜಿ ಉಜ್ಜಿ ಕೀಳುತ್ತ ಎದ್ದು ನಿಂತ.

"ಒಂಬತ್ತು ವರ್ಷ ಸಾರ್. ತಾವೇ ಕೊಟ್ಟಿದ್ದು. ಆರು ವರ್ಷ ಎರಡು ತಿಂಗಳಾಯ್ತು."

ಮುಖ ನೋಡಿದ ಮೇಲೆ ಗುರುತು ಹತ್ತಿತು. ಬೀಗ ರಿಪೇರಿಯವನು. ದುಡಿಯುತ್ತಿದ್ದ ಅಂಗಡಿಯ ಮಾಲೀಕ ಇವನನ್ನು ಕೆಲಸದಿಂದ ತೆಗೆದು, ಇವನ ಅಪ್ಪನ ಕಾಲದ ಸಲಕರಣೆ ಪೆಟ್ಟಿಗೆಯನ್ನೂ ಗೋದಾಮಿನಲ್ಲಿ ಇಟ್ಟುಕೊಂಡಿದ್ದ. ಅದನ್ನು ತರಲು ಇವನು ಗೋದಾಮಿನ ಬೀಗ ತೆಗೆದು ಒಳಗೆ ನುಗ್ಗಿದ. ಆ ಬೀಗ ಕೂರಿಸಿದವನೂ ಇವನೇ. ಅಡ್ಡ ಬಂದ ವಯಸ್ಸಾದ ಕಾವಲುಗಾರನನ್ನು ನೂಕಿದ. ಕಾವಲುಗಾರ ಮೆಟ್ಟಿಲ ಮೇಲಿಂದ ಉರುಳಿ ಸೊಂಟ ಮುರಿದುಕೊಂಡು, ಮತ್ತೆಂದೂ ನೆಟ್ಟಗೆ ನಡೆಯಲಿಲ್ಲ. ಎರಡು ಅಪರಾಧ, ಎರಡು ಶಿಕ್ಷೆ. ನ್ಯಾಯಾಧೀಶರಿಗೆ ಅಷ್ಟೂ ನೆನಪಿತ್ತು. ಆದರೆ ಒಂಬತ್ತು?

"ಐದಲ್ವೇನಯ್ಯಾ ನಾನು ಕೊಟ್ಟಿದ್ದು?"

ಜೈಲರ್ ಮೆಲ್ಲಗೆ ನಡುವೆ ಬಾಯಿ ಹಾಕಿದ. "ಗಾಯಕ್ಕೆ ಐದು, ನುಗ್ಗಿದ್ದಕ್ಕೆ ನಾಲ್ಕು ಸಾರ್. ಎರಡೂ ಒಟ್ಟಿಗೆ ನಡೀಲಿ ಅಂತ ಆದೇಶದಲ್ಲಿಲ್ಲ. ಇಲ್ಲ ಅಂದ್ಮೇಲೆ ಒಂದು ಮುಗಿದ ಮೇಲೆ ಇನ್ನೊಂದು. ನಿಯಮ ಹಾಗಿದೆಯಲ್ಲ."

ನಿಯಮ ಹಾಗೆಯೇ ಇತ್ತು. ಅದನ್ನು ಹಲಗೆಯ ಮೇಲೆ ಬರೆದು ಕಲಿಸುತ್ತಿದ್ದವರೂ ಇವರೇ. ಒಟ್ಟಿಗೆ ಎಂಬ ಮಾತು ಆದೇಶದಲ್ಲಿದ್ದರೆ ಐದೇ ವರ್ಷ, ಇಲ್ಲದಿದ್ದರೆ ಒಂಬತ್ತು. ಅಂದರೆ ಇವನು ಮನೆಗೆ ಹೋಗಬೇಕಾಗಿದ್ದು ಒಂದು ವರ್ಷ ಎರಡು ತಿಂಗಳ ಹಿಂದೆ.

"ಮತ್ತೆ ನೀನು ಮೇಲಿನ ಕೋರ್ಟಿಗೆ ಯಾಕೆ ಹೋಗಲಿಲ್ಲ?"

"ಸರ್ಕಾರ ನನಗೆ ಕೊಟ್ಟಿದ್ದ ವಕೀಲರು ಆಮೇಲೆ ಸಿಗಲೇ ಇಲ್ಲ ಸಾರ್. ನಾನೂ ತಾವು ಯೋಚಿಸಿಯೇ ಕೊಟ್ಟಿರ್ತೀರಿ ಅಂತ ಸುಮ್ಮನಾದೆ." ಅವನ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನ್ಯಾಯಾಧೀಶರಿಗೆ ಎಷ್ಟೋ ಹಗುರವಾಗುತ್ತಿತ್ತು. "ಮಗಳು ಆಗ ನಾಲ್ಕು ವರ್ಷದವಳು. ಈಗ ಹತ್ತು. ಅಪ್ಪ ಪುಸ್ತಕ ಕಟ್ಟೋ ಕೆಲಸದಲ್ಲಿದ್ದಾರೆ ಅಂತ ಸ್ಕೂಲಲ್ಲಿ ಹೇಳ್ಕೊಂಡಿದ್ದಾಳೆ. ಸುಳ್ಳೇನೂ ಅಲ್ಲ ಬಿಡಿ."

ನ್ಯಾಯಾಧೀಶರು ಹೊರಡಲು ತಿರುಗಿದಾಗ ಅವನು ತಡೆದು ತಡೆದು ಕೇಳಿದ. "ಸಾರ್, ಆ ಡ್ರಾಯರ್ ಸರಿ ಹೋಯ್ತಾ?"

"ಯಾವ ಡ್ರಾಯರ್?"

"ಅವತ್ತು ತಾವು ತೆಗೀಬೇಕು ಅಂತ ತುಂಬ ಒದ್ದಾಡಿದ್ರಿ. ಕೀಲಿ ತಲೆಕೆಳಗಾಗಿ ಹಾಕಿದ್ರಿ ಸಾರ್. ಆ ಜಾತಿ ಬೀಗಕ್ಕೆ ಹಲ್ಲು ಮೇಲೆ ಬರಬೇಕು. ಬೀಗದವನಲ್ವಾ ನಾನು, ನಗು ತಡೆಯೋಕಾಗ್ಲಿಲ್ಲ. ನಗಬಾರದಿತ್ತು ಅಂತ ಆಮೇಲೆ ಅನ್ನಿಸ್ತು."

ಜೈಲರ್ ನಕ್ಕ, ನ್ಯಾಯಾಧೀಶರೂ ಮೇಲೆ ಮೇಲೆ ನಕ್ಕರು. ಅವರ ತಲೆಯಲ್ಲಿ ಓಡುತ್ತಿದ್ದುದು ಬೇರೆಯೇ ಲೆಕ್ಕ.

ಅಂದು ಮಧ್ಯಾಹ್ನವೇ ಹಳೆಯ ಕಡತ ತರಿಸಿ ನೋಡಿದರು. ಆದೇಶದ ಕೊನೆಯ ಪುಟದಲ್ಲಿ ಐದು ಇತ್ತು, ನಾಲ್ಕು ಇತ್ತು, ಒಟ್ಟಿಗೆ ಎಂಬುದು ಇರಲಿಲ್ಲ. ಕೆಳಗೆ ತಮ್ಮದೇ ದುಂಡನೆಯ ಸಹಿ. ಮನೆಗೆ ಹೋದವರೇ ಬೂಟು ಬಿಚ್ಚದೆ ಬಿಸ್ಕತ್ತಿನ ಡಬ್ಬಿಯನ್ನು ಮಂಚದ ಮೇಲೆ ಸುರಿದುಕೊಂಡು ಕೂತರು. ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, ಗಂಡನ ಮುಖ ಕಂಡು, ತಮಾಷೆ ಮಾಡದೆ ಒಳಗೆ ಹೋದರು. ಅರ್ಧ ಗಂಟೆಗೆ ಚೀಟಿ ಸಿಕ್ಕಿತು. 'ಬೀಗದವನು. ಗಾಯ 5, ನುಗ್ಗಿದ್ದು 4. ಒಟ್ಟಿಗೆ.'

ಅವರಿಗೆ ಹೋದ ಜೀವ ಬಂದಂತಾಯಿತು. ತಾವು ಯೋಚಿಸಿದ್ದು ಐದೇ. ಹಾಗಾದರೆ ಹೇಳಿದ್ದೂ ಐದೇ ಇರಬೇಕು, ಬೆರಳಚ್ಚಿನಲ್ಲಿ ಒಂದು ಸಾಲು ಬಿಟ್ಟುಹೋಗಿರಬೇಕು. ಪಾಪ, ಯಾರೋ ಮಾಡಿದ ತಪ್ಪಿಗೆ ಒಬ್ಬ ಬಡವ ಒಳಗೆ ಕೊಳೆಯುವಂತಾಯಿತಲ್ಲ ಎಂದು ಆ ಹೊತ್ತಿಗೆ ನಿಜವಾಗಿಯೂ ಮರುಗಿದರು. ಊಟವೂ ರುಚಿಸಿತು. ಈ ಮಾತನ್ನು ಆಮೇಲೆ ನೆನೆಸಿಕೊಂಡಾಗಲೆಲ್ಲ ಅವರಿಗೆ ನಾಚಿಕೆಯಾಗುತ್ತಿತ್ತು.

ಮರುದಿನ ಚೇಂಬರಿಗೆ ಸ್ಟೆನೋವನ್ನು ಕರೆಸಿದರು. ಇವರು ಹೇಳಿದ್ದನ್ನು ಹನ್ನೊಂದು ವರ್ಷಗಳಿಂದ ಶೀಘ್ರಲಿಪಿಯಲ್ಲಿ ಬರೆದುಕೊಂಡು ಟೈಪು ಮಾಡುತ್ತಿದ್ದ ಹೆಂಗಸು. ಜವಾನನಿಂದ ಹಿಡಿದು ವಕೀಲರವರೆಗೆ ಎಲ್ಲರಿಗೂ ಆಕೆ ಅಕ್ಕ. ನಿವೃತ್ತಿಗೆ ನಾಲ್ಕು ತಿಂಗಳಿತ್ತು. ಆರು ವರ್ಷದ ಕೆಳಗಿನ ಆದೇಶವನ್ನೂ ಚೀಟಿಯನ್ನೂ ನ್ಯಾಯಾಧೀಶರು ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟರು.

"ಒಂದು ಸಾಲು ಅಕ್ಕ. ನೀವು ಬಿಟ್ಟ ಒಂದೇ ಒಂದು ಸಾಲಿಗೆ ಒಬ್ಬ ಮನುಷ್ಯನ ನಾಲ್ಕು ವರ್ಷ ಹೋಗ್ತಿತ್ತಲ್ಲ!"

ಅಕ್ಕ ಕನ್ನಡಕ ಏರಿಸಿಕೊಂಡು ಎರಡನ್ನೂ ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ, "ಹೌದು ಸಾರ್, ನನ್ನಿಂದಾನೇ ಬಿಟ್ಟುಹೋಗಿದೆ" ಅಂದರು. "ಹಾಗಂತ ಬರೆದುಬಿಡಿ. ಟೈಪಿಂಗ್ ತಪ್ಪಾದ್ರೆ ಯಾರನ್ನೂ ಕೇಳಬೇಕಾಗಿಲ್ಲ, ನೀವೇ ಇವತ್ತೇ ತಿದ್ದಬಹುದು. ನಾಳೆ ಅವನು ಮನೇಲಿರ್ತಾನೆ."

"ನಿಮ್ಮ ಸೇವಾ ಪುಸ್ತಕದಲ್ಲಿ ಇದು ಕಪ್ಪು ಚುಕ್ಕೆಯಾಗುತ್ತಲ್ಲ."

"ನಾಲ್ಕು ತಿಂಗಳಲ್ಲಿ ಆ ಪುಸ್ತಕ ಯಾರು ಓದ್ತಾರೆ ಸಾರ್."

ನ್ಯಾಯಾಧೀಶರಿಗೆ ಆಕೆಯ ಮೇಲೆ ಗೌರವ ಬಂತು. ತಪ್ಪು ಒಪ್ಪಿಕೊಳ್ಳುವುದಕ್ಕೂ ಎದೆ ಬೇಕು ಎಂದುಕೊಂಡರು. ಎಚ್ಚರಿಕೆಯ ಮಾತೊಂದನ್ನು ಬರೆದು ಅಲ್ಲಿಗೆ ಬಿಡೋಣ ಎಂದು ಪೆನ್ನು ತೆಗೆದವರು, ಪದ್ಧತಿಯ ಮನುಷ್ಯ ತಾನೇ, "ತಿದ್ದುಪಡಿಗೆ ನಿಮ್ಮ ಆವತ್ತಿನ ನೋಟ್ ಪುಸ್ತಕ ಲಗತ್ತಿಸಬೇಕು. ಇಟ್ಟಿದ್ದೀರಲ್ಲ?" ಎಂದರು.

"ಪುಸ್ತಕ ಯಾಕೆ ಸಾರ್. ನಾನೇ ಒಪ್ಪಿಕೊಳ್ತಿದ್ದೀನಲ್ಲ."

"ನಿಯಮ ಅಕ್ಕ."

ಅಕ್ಕ ಅಲುಗಾಡಲಿಲ್ಲ. ನ್ಯಾಯಾಧೀಶರು ಎರಡನೇ ಸಲ ಹೇಳಿದ ಮೇಲೆ ಪಕ್ಕದ ಕೋಣೆಗೆ ಹೋಗಿ, ಕಬ್ಬಿಣದ ಬೀರು ತೆಗೆದು, ಮೂಲೆ ಮುದುರಿದ ಒಂದು ಪುಸ್ತಕ ತಂದರು. ಪುಟ ತೆಗೆದು ಮುಂದಿಟ್ಟರು. ಗುಂಗುರು ಕೂದಲು ಉದುರಿದ ಹಾಗೆ ಶೀಘ್ರಲಿಪಿಯ ಸಾಲುಗಳು. ನ್ಯಾಯಾಧೀಶರಿಗೆ ಒಂದಕ್ಷರವೂ ಓದಲು ಬರುತ್ತಿರಲಿಲ್ಲ. ಆದರೆ ಕೊನೆಯ ಸಾಲಿನ ಮೇಲೆ ಅಡ್ಡಲಾಗಿ ಎಳೆದ ಗೀಟು ಓದಲು ಶೀಘ್ರಲಿಪಿ ಕಲಿಯಬೇಕಾಗಿರಲಿಲ್ಲ.

"ಆ ಗೀಟು ಹೊಡೆದ ಸಾಲಲ್ಲಿ ಏನಿದೆ?"

"ಎರಡೂ ಶಿಕ್ಷೆಗಳು ಒಟ್ಟಿಗೆ ಜಾರಿಯಾಗತಕ್ಕದ್ದು ಅಂತಿದೆ ಸಾರ್."

"ಹೊಡೆದುಹಾಕಿದ್ದು ಯಾಕೆ ಮತ್ತೆ?"

ಅಕ್ಕ ಕಿಟಕಿಯ ಕಡೆ ನೋಡಿದರು. "ನೀವು ಹೊಡೆದುಹಾಕಿ ಅಂದ್ರಿ."

ನ್ಯಾಯಾಧೀಶರು ಇಲ್ಲ ಎನ್ನಲು ಬಾಯಿ ತೆರೆದರು. ಅಷ್ಟರಲ್ಲಿ ನೆನಪು ಬಂದುಬಿಟ್ಟಿತು. ತುಂಬಿದ ಕೋರ್ಟು. ಡ್ರಾಯರಿನ ಬೀಗದಲ್ಲಿ ಕೀಲಿ ತಿರುಗದು. ಬಲಗೈಯಿಂದ, ಎಡಗೈಯಿಂದ, ಬಗ್ಗಿ, ಮೊಣಕಾಲಿನಿಂದ ಡ್ರಾಯರನ್ನು ಒತ್ತಿ ಹಿಡಿದು. ಇಡೀ ಸಭೆ ನೋಡುತ್ತಿದೆ. ಕಟಕಟೆಯಲ್ಲಿ ಒಬ್ಬ ಫಕ್ಕನೆ ನಗುತ್ತಾನೆ. ಚೀಟಿಯನ್ನು ಅಲ್ಲೇ ಬಿಟ್ಟು, ಬೆವರು ಒರೆಸಿಕೊಂಡು, ನೆನಪಿನಿಂದಲೇ ಅಕ್ಕನ ಕಡೆ ಬಾಗಿ ಶಿಕ್ಷೆ ಹೇಳುತ್ತಾರೆ. ಐದು. ನಾಲ್ಕು. ಒಟ್ಟಿಗೆ. ತಲೆ ಎತ್ತಿದರೆ ಅವನ ತುಟಿಯ ಮೇಲೆ ನಗು ಇನ್ನೂ ಇದೆ. ನಗ್ತೀಯಾ ಮಗನೆ ಎಂದುಕೊಂಡದ್ದು ಕೂಡ ಈಗ ಕಿವಿಯಲ್ಲಿ ಕೇಳಿದಂತಾಯಿತು. 'ಕೊನೇ ಸಾಲು ಹೊಡೆದುಹಾಕಿ.' ಮೂರು ಪದ. ಅಂದೇ ಸಂಜೆ ಬಡಗಿ ಬಂದು ಡ್ರಾಯರ್ ತೆಗೆದುಕೊಟ್ಟ. ಚೀಟಿ ಡಬ್ಬಿಗೆ ಹೋಯಿತು. ಇವರು ಅದನ್ನು ಬಿಚ್ಚಿಯೂ ನೋಡಿರಲಿಲ್ಲ. ಮರೆತೇಬಿಟ್ಟರು. ಅಷ್ಟು ಸಲೀಸಾಗಿ ಮರೆತಿದ್ದೇ ಅವರಿಗೆ ಎಲ್ಲಕ್ಕಿಂತ ಹೆಚ್ಚು ಹೇಸಿಗೆ ತಂದಿತು.

"ನಿಮಗೆ ಆರು ವರ್ಷದಿಂದ ಗೊತ್ತಿತ್ತಾ?"

"ಗೊತ್ತಿತ್ತು ಸಾರ್. ನಿಮಗೇನೋ ಕಾರಣ ಇರಬೇಕು ಅಂದ್ಕೊಂಡೆ. ಅಂದ್ಕೊಂಡೆ ಅಂದ್ರೆ, ಹಾಗೆ ಹೇಳಿ ನನ್ನ ಬಾಯಿ ನಾನೇ ಮುಚ್ಚಿಸ್ಕೊಂಡೆ." ಆಕೆ ಪುಸ್ತಕದ ಮುದುರಿದ ಮೂಲೆಯನ್ನು ಬೆರಳಿನಿಂದ ತೀಡುತ್ತಿದ್ದರು. "ಅವತ್ತು ನನಗೂ ನಗು ಬಂದಿತ್ತು. ನಾನು ಪುಸ್ತಕದಲ್ಲಿ ಮುಖ ಮುಚ್ಚಿಕೊಂಡೆ. ಅವನ ಕೈಲಿ ಪುಸ್ತಕ ಇರಲಿಲ್ಲ."

ನ್ಯಾಯಾಧೀಶರು ಎದ್ದು ಕೋಣೆಯಲ್ಲಿ ಅತ್ತಿಂದಿತ್ತ ನಡೆದರು. ಅಕ್ಕ ಹೇಳಿದ ದಾರಿ ಕಣ್ಣ ಮುಂದೆಯೇ ಇತ್ತು, ಸಲೀಸಾಗಿತ್ತು, ದಯೆಯ ಹಾಗೂ ಕಾಣುತ್ತಿತ್ತು. ಟೈಪಿಂಗ್ ತಪ್ಪು ಎಂದರೆ ನಾಳೆಯೇ ಬಿಡುಗಡೆ. ಸತ್ಯ ಹೇಳಿದರೆ ಆ ಸಾಲನ್ನು ಮುಟ್ಟುವ ಅಧಿಕಾರ ತಮಗಿಲ್ಲ. ಬೇಕೆಂದೇ ಕೊಟ್ಟ ಶಿಕ್ಷೆಯನ್ನು ಕೊಟ್ಟವನೇ ತಿದ್ದುವಂತಿಲ್ಲ, ಮೇಲಿನ ಕೋರ್ಟಿಗೆ ಬರೆಯಬೇಕು. ಅಲ್ಲಿ ಸುಮ್ಮನೆ ಮರುಪರಿಶೀಲಿಸಿ ಎಂದು ಬರೆದರೆ ಕಾಗದ ಸಾವಿರ ಕಾಗದಗಳ ಅಡಿಗೆ ಬಿದ್ದು, ಅವನು ಉಳಿದ ವರ್ಷಗಳನ್ನೂ ಒಳಗೇ ಮುಗಿಸುತ್ತಾನೆ. ಕಾರಣ ಬಿಚ್ಚಿ ಬರೆದರೆ ಮಾತ್ರ ಅವರು ಒಂದೆರಡು ವಾರದಲ್ಲಿ ಶಿಕ್ಷೆ ತಡೆಹಿಡಿದು ಬಿಡುತ್ತಾರೆ. ಆದರೆ ಆ ಕಾರಣವನ್ನು ಓದುವವರ ಮೇಜಿನ ಮೇಲೆಯೇ ಈಗ ಬಡ್ತಿಯ ಪಟ್ಟಿಯೂ ಇತ್ತು, ಪಟ್ಟಿಯಲ್ಲಿ ಇವರ ಹೆಸರು ಎರಡನೆಯದು.

ನಾಳೆಯೇ ಬಿಡುಗಡೆಯಾಗುತ್ತದಲ್ಲ, ಅವನಿಗೆ ಬೇಕಾದದ್ದು ಅದೇ ಅಲ್ಲವೇ ಎಂದು ಮನಸ್ಸು ವಕೀಲಿ ಶುರುಮಾಡಿತು. ಒಳ್ಳೆಯ ವಕೀಲಿಯೇ. ಎರಡು ವಾರ ಜೈಲಿನಲ್ಲಿ ಇರುವವನು ಅವನು, ನೀನಲ್ಲ, ನಿನ್ನ ಸತ್ಯದ ಹಟಕ್ಕೆ ಅವನ ಹದಿನೈದು ದಿನ ಯಾಕೆ ಎಂದಿತು. ನ್ಯಾಯಾಧೀಶರಿಗೆ ಒಂದು ಮಾತು ಮಾತ್ರ ಗೊತ್ತಿತ್ತು. ಆ ಗೀಟನ್ನು ಅಕ್ಕನ ತಲೆಗೆ ಕಟ್ಟಿದರೆ ತಾವು ಮತ್ತೆ ಮರೆಯುತ್ತಾರೆ, ಊಟ ರುಚಿಸುತ್ತದೆ, ಮುಂದಿನ ತಿಂಗಳು ಹುಡುಗರಿಗೆ ತಲೆನೋವಿನ ಪಾಠ ಮಾಡುತ್ತಾರೆ.

"ಬರೆದುಕೊಳ್ಳಿ" ಅಂದರು.

ಅಕ್ಕ ಹೊಸ ಪುಟ ತಿರುವಿದರು. ನ್ಯಾಯಾಧೀಶರು ಗೋಡೆಯ ಕಡೆ ಮುಖ ಮಾಡಿ ಹೇಳಿದರು. ಪ್ರಕರಣದ ಸಂಖ್ಯೆ, ದಿನಾಂಕ, ಕೊಟ್ಟ ಶಿಕ್ಷೆ. "ಎರಡೂ ಶಿಕ್ಷೆಗಳು ಒಟ್ಟಿಗೆ ಜಾರಿಯಾಗಬೇಕೆಂದು ನಾನು ಮೊದಲೇ ನಿರ್ಧರಿಸಿದ್ದೆ. ಆ ಸಾಲು ಮರೆತು ಹೋದದ್ದಲ್ಲ. ಬೆರಳಚ್ಚಿನಲ್ಲಿ ಬಿಟ್ಟುಹೋದದ್ದೂ ಅಲ್ಲ. ನಾನು ಹೇಳಿದೆ, ನಾನೇ ಹೊಡೆದುಹಾಕಿಸಿದೆ. ಅಪರಾಧಿ ನನ್ನನ್ನು ನೋಡಿ ನಕ್ಕನೆಂಬ ಸಿಟ್ಟಿನಿಂದ ಹಾಗೆ ಮಾಡಿದೆ."

ಪೆನ್ಸಿಲ್ಲಿನ ಸದ್ದು ನಿಂತಿತು.

"ಕೊನೇ ಸಾಲು ಹೊಡೆದುಹಾಕ್ಲಾ ಸಾರ್?"

ತಿರುಗಿ ನೋಡಿದರು. ಆಕೆಯ ಮುಖದಲ್ಲಿ ಕುಹಕವಿರಲಿಲ್ಲ. ದಿನಾ ಹತ್ತು ಸಲ ಕೇಳುವ ಪ್ರಶ್ನೆಯನ್ನೇ ಕೇಳಿ, ಪೆನ್ಸಿಲ್ ಸಾಲಿನ ಮೇಲೆ ಇಟ್ಟುಕೊಂಡು ಕಾಯುತ್ತಿದ್ದರು. ಕಚೇರಿಯ ಭಾಷೆಯಲ್ಲಿ ಇಂಥ ಹೊತ್ತಿಗೆಂದೇ ಎಷ್ಟೊಂದು ಪದಗಳಿವೆ. ಅಚಾತುರ್ಯದಿಂದ. ಕಣ್ತಪ್ಪಿನಿಂದ. ಕೆಲಸದ ಒತ್ತಡದಿಂದ. ಎಲ್ಲವೂ ಒಂದೊಂದಾಗಿ ನಾಲಿಗೆಯ ತುದಿಗೆ ಬಂದವು. ಒಂದಂತೂ ಹಲ್ಲಿನವರೆಗೂ ಬಂತು.

"ಇರಲಿ" ಅಂದರು. "ಇನ್ನೊಂದು ಸಲ ಓದಿ."

ಅಕ್ಕ ಓದಿದರು. ಟೈಪು ಮಾಡಿ ತಂದ ಮೇಲೆ ನ್ಯಾಯಾಧೀಶರು ಸಹಿ ಹಾಕಿದರು. ಹಾಳೆ ಎತ್ತಿಕೊಂಡು ಹೊರಟವರನ್ನು ತಡೆದು, "ಅಕ್ಕ, ನಿಮ್ಮ ಬೀರುವಿನಲ್ಲಿ ಇಂಥ ಗೀಟು ಇನ್ನೆಷ್ಟಿವೆ?" ಎಂದು ಕೇಳಿದರು.

ಅಕ್ಕ ಸೊಂಟದಿಂದ ಬೀರುವಿನ ಕೀಲಿ ತೆಗೆದು ಮೇಜಿನ ಮೇಲೆ ಇಟ್ಟರು. "ಇದಕ್ಕೂ ಹಲ್ಲು ಮೇಲೆ ಬರಬೇಕು ಸಾರ್" ಎಂದಷ್ಟೇ ಹೇಳಿ ಹೋದರು.

ಮೇಲಿನ ಕೋರ್ಟಿನ ಉತ್ತರ ಬರಲು ಹನ್ನೊಂದು ದಿನ ಹಿಡಿಯಿತು. ಆ ಹನ್ನೊಂದು ದಿನವೂ ಕೋರ್ಟು ಮುಗಿದ ಮೇಲೆ ನ್ಯಾಯಾಧೀಶರು ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಳೆಯ ಪುಸ್ತಕಗಳನ್ನು ಓದಿಸುತ್ತ ಕೂತರು. ಹೆಚ್ಚಿನ ಗೀಟುಗಳು ಬರೀ ವ್ಯಾಕರಣದವು, ತಾರೀಖು ತಪ್ಪಿದ್ದವು. ಎರಡು ಹಾಗಿರಲಿಲ್ಲ. ಅವೆರಡನ್ನೂ ಮತ್ತೊಮ್ಮೆ ಓದಿಸಿ ಬೇರೆ ಎತ್ತಿಟ್ಟರು. ಹನ್ನೆರಡನೆಯ ದಿನ ಬೀಗದವನು ಬಿಡುಗಡೆಯಾದ. ಬಡ್ತಿಯ ಹೊಸ ಪಟ್ಟಿಯಲ್ಲಿ ಎರಡನೆಯ ಹೆಸರು ಬೇರೆ ಯಾರದೋ ಇತ್ತು.

ಆ ವಾರವೇ ಅವನು ಆದೇಶದ ನಕಲು ಪಡೆಯಲು ಕೋರ್ಟಿಗೆ ಬಂದ. ಬಂದವನು ಒಂದು ನಿಮಿಷ ನೋಡಿ ಹೋಗುತ್ತೇನೆಂದು ಜವಾನನ ಹತ್ತಿರ ಗೋಗರೆದು ಚೇಂಬರಿನೊಳಗೆ ಬಂದು ಕೈ ಮುಗಿದ. ತೆರೆದ ಬಾಗಿಲಿನಾಚೆ ಪಡಸಾಲೆಯಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ನೋಟಿಸ್ ಬೋರ್ಡನ್ನು ಜೋರಾಗಿ ಓದುತ್ತಿದ್ದಳು.

"ಟೈಪಿಂಗ್ ತಪ್ಪು ಕಂಡುಹಿಡಿದು ಸರಿ ಮಾಡಿಸಿದ್ರಂತೆ, ಜೈಲರ್ ಸಾಹೇಬರು ಹೇಳಿದ್ರು. ತಮ್ಮ ಉಪಕಾರ ಜನ್ಮದಲ್ಲಿ ಮರೆಯಲ್ಲ ಸಾರ್."

ಈ ಮಾತನ್ನು ಹಾಗೆಯೇ ಬಿಟ್ಟುಬಿಡಬಹುದಾಗಿತ್ತು. ನ್ಯಾಯಾಧೀಶರು ಕುರ್ಚಿಯಿಂದ ಎದ್ದು ನಿಂತರು. ಇಪ್ಪತ್ತೇಳು ವರ್ಷದಲ್ಲಿ ಯಾವ ಅಪರಾಧಿಯ ಎದುರಿಗೂ ಎದ್ದು ನಿಂತವರಲ್ಲ.

"ಟೈಪಿಂಗ್ ತಪ್ಪಲ್ಲ. ಒಟ್ಟಿಗೆ ಅನ್ನೋ ಸಾಲು ಇತ್ತು. ನಾನೇ ಹೊಡೆದುಹಾಕಿಸಿದೆ. ನೀನು ನಕ್ಕೆಯಲ್ಲ, ಅದಕ್ಕೆ."

ಅವನ ಮುಗಿದ ಕೈ ತಾನಾಗಿಯೇ ಕೆಳಗಿಳಿಯಿತು.

"ನಕ್ಕಿದ್ದಕ್ಕಾ ಸಾರ್?"

"ಹೌದು."

"ಕೀಲಿ ನೋಡಿ ನಕ್ಕಿದ್ದಕ್ಕಾ?"

ನ್ಯಾಯಾಧೀಶರು ತಲೆಯಾಡಿಸಿದರು. ತಪ್ಪಾಯಿತು ಎನ್ನಬೇಕೆಂದು ಎಷ್ಟೋ ರಾತ್ರಿಗಳಿಂದ ಮನಸ್ಸಿನಲ್ಲೇ ಹೇಳಿಕೊಂಡಿದ್ದರು. ಅದರಲ್ಲಿ ಅರ್ಧ ಮಾತ್ರ ಹೊರಬಂತು. ಬೀಗದವನು ಅದನ್ನು ಕೇಳಿಸಿಕೊಂಡನೋ ಇಲ್ಲವೋ. ಒಂದು ಸಲ ಇವರ ಮುಖ ನೋಡಿದ, ಒಂದು ಸಲ ಬಾಗಿಲಿನ ಕಡೆ ನೋಡಿದ. ಹುಡುಗಿ ಬೋರ್ಡಿನಲ್ಲಿ ಏನೋ ತಪ್ಪು ಓದಿ ತನ್ನಷ್ಟಕ್ಕೆ ತಾನೇ ಕಿಲಕಿಲ ನಕ್ಕಳು.

"ಮಗಳಿಗೆ ಟೈಪಿಂಗ್ ತಪ್ಪು ಅಂತ ಹೇಳಿದ್ದೀನಿ" ಎಂದ. ದನಿ ಏರಿರಲಿಲ್ಲ. "ಅವಳ ಹತ್ರ ಅದು ಹಾಗೇ ಇರಲಿ. ಇಲ್ಲಾಂದ್ರೆ ಇನ್ಮೇಲೆ ನಗೋಕೆ ಹೆದರ್ತಾಳೆ."

ಈ ಸಲ ಅವನು ಕೈ ಮುಗಿಯಲಿಲ್ಲ. ಹೊರಗೆ ಹೋಗಿ ಮಗಳ ಕೈ ಹಿಡಿದುಕೊಂಡ. ಇಬ್ಬರೂ ಮೆಟ್ಟಿಲಿಳಿದು ಹೋದರು. ನ್ಯಾಯಾಧೀಶರು ನಿಂತೇ ಇದ್ದರು.